ಹಿರಿಯರ ಸಂಕೋಚ ಮುಳುವಾಗದಿರಲಿ

ಮನೆಯ ಯಜಮಾನರು ರಾತ್ರಿ ಮೂರು ನಾಲ್ಕು ಸಲ ಮೂತ್ರವಿಸರ್ಜನೆಗೆಂದು ಏಳುತ್ತಾರೆ. ಕೇಳಿದರೆ ‘ವಯಸ್ಸಾಯಿತಲ್ಲ’ ಎಂಬ ಉತ್ತರ. ಸೊಸೆಯ ಮುಂದೆ ಸಂಕೋಚ, ಮಗನ ಮುಂದೆ ಬಿಗುಮಾನ. ಬಹುಮಂದಿಯಲ್ಲಿ ಇದು ಪ್ರಾಸ್ಟೇಟ್ ಗ್ರಂಥಿಯ ಸಾಮಾನ್ಯ ಊತ ಮಾತ್ರ. ಆದರೆ ಕೆಲವರಲ್ಲಿ ಅದೇ ಗ್ರಂಥಿಯ ಅರ್ಬುದ ರೋಗವೂ ಅಡಗಿರಬಹುದು.

ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಈ ಗ್ರಂಥಿ ಗಾತ್ರದಲ್ಲಿ ಒಂದು ಅಕ್ರೋಟಿನಷ್ಟು. ಇದರ ಅರ್ಬುದ 50 ವರ್ಷಕ್ಕೆ ಮೊದಲು ವಿರಳ. ಅನಂತರ ವಯಸ್ಸಿನೊಡನೆ ಏರುತ್ತಾ ಹೋಗುತ್ತದೆ. ತಂದೆಗೋ ಒಡಹುಟ್ಟಿದ ಸಹೋದರನಿಗೋ ಬಂದಿದ್ದರೆ ಸಂಭವ ಸುಮಾರು ಇಮ್ಮಡಿ.

ಕರ್ನಾಟಕದ ಜನಸಂಖ್ಯೆಯಲ್ಲಿ 2001ರಲ್ಲಿ ಶೇ. 7.7ರಷ್ಟಿದ್ದ 60 ವರ್ಷ ಮೀರಿದವರ ಪ್ರಮಾಣ 2011ರ ಜನಗಣತಿಯಲ್ಲಿ ಶೇ. 9.5ಕ್ಕೆ ಏರಿತು. ಆಯುಷ್ಯ ಬೆಳೆದಂತೆ ಮುಪ್ಪಿನ ರೋಗಗಳೂ ಬೆಳೆಯುತ್ತವೆ. ಬೆಂಗಳೂರಿನಲ್ಲಿ 1982ರಿಂದ ನಡೆದುಬಂದಿರುವ ಅರ್ಬುದ ನೋಂದಣಿಯಲ್ಲಿ ಈ ರೋಗ ಗಂಡಸರ ಪ್ರಮುಖ ಅರ್ಬುದಗಳ ಸಾಲಿಗೆ ಸೇರಿದೆ.

ಅಂತರರಾಷ್ಟ್ರೀಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 14.7 ಲಕ್ಷ ಮಂದಿಗೆ ಈ ರೋಗ ಹೊಸದಾಗಿ ತಗುಲಿತು. ಮಡಿದವರು ಸುಮಾರು 4 ಲಕ್ಷ. ಭಾರತದಲ್ಲಿ ಹೊಸ ರೋಗಿಗಳು ಸುಮಾರು 38 ಸಾವಿರ, ಮಡಿದವರು ಸುಮಾರು 18 ಸಾವಿರ. ರೋಗ ನಮ್ಮಲ್ಲಿ ಕಡಿಮೆ, ಆದರೆ ರೋಗಿಗಳ ಸಂಖ್ಯೆಗೆ ಹೋಲಿಸಿದರೆ ಸಾವು ಹೆಚ್ಚು. ಶ್ರೀಮಂತ ದೇಶಗಳಲ್ಲಿ ರಕ್ತಪರೀಕ್ಷೆಯಿಂದ ಸೌಮ್ಯ ರೋಗವೂ ಬೇಗನೆ ಬೆಳಕಿಗೆ ಬರುತ್ತದೆ. ನಮ್ಮಲ್ಲಿ ಅನೇಕರು ರೋಗ ಮೂಳೆಗೆ ಹರಡಿದ ಮೇಲೆ, ಸೊಂಟನೋವೆಂದು ವೈದ್ಯರ ಬಳಿಗೆ ಬರುತ್ತಾರೆ.

ಮೂತ್ರದ ಧಾರೆ ಕ್ಷೀಣವಾಗುವುದು, ತಡೆತಡೆದು ಬರುವುದು, ಮೂತ್ರದಲ್ಲಿ ರಕ್ತ, ವಾಸಿಯಾಗದ ಬೆನ್ನುನೋವು ಇವನ್ನು ಕಡೆಗಣಿಸಬಾರದು. ಆರಂಭದಲ್ಲಿ ಯಾವ ಲಕ್ಷಣವೂ ಇಲ್ಲದಿರಬಹುದು. ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಪರೀಕ್ಷಿಸುತ್ತಾರೆ; ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ. ಪಿ.ಎಸ್.ಎ. ಅಂಶ ಹೆಚ್ಚಿದ ಮಾತ್ರಕ್ಕೆ ಅರ್ಬುದವೆಂದು ಎದೆಗುಂದಬೇಕಿಲ್ಲ. ಸೋಂಕು, ಸಾಮಾನ್ಯ ಊತಗಳಿಂದಲೂ ಅದು ಏರುತ್ತದೆ. ಗ್ರಂಥಿಯ ಚೂರನ್ನು ತೆಗೆದು ಪರೀಕ್ಷಿಸಿದ ಮೇಲೆಯೇ ನಿರ್ಣಯ.

ರೋಗ ಗ್ರಂಥಿಯೊಳಗೇ ಇರುವಾಗ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಬಹಳ. ನಿಧಾನವಾಗಿ ಬೆಳೆಯುವ ಬಗೆಯಾದರೆ ಆಗಾಗ ಪರೀಕ್ಷಿಸುತ್ತಾ ಕಾದಿರುವುದೂ ಉಂಟು. ಮೂಳೆಗೆ ಹರಡಿದ ಮೇಲೆ ಪುರುಷ ಹಾರ್ಮೋನನ್ನು ತಡೆಯುವ ಚಿಕಿತ್ಸೆಯಿಂದ ನೋವು ತಗ್ಗಿ ಆಯುಷ್ಯ ಬೆಳೆದೀತು. ಪೂರ್ಣ ಗುಣ ದುರ್ಲಭ.

ಆದುದರಿಂದ 50 ದಾಟಿದ ಹಿರಿಯರು, ಮನೆತನದಲ್ಲಿ ಈ ರೋಗವಿದ್ದರೆ 45ರಲ್ಲೇ, ಪರೀಕ್ಷೆ ಬೇಕೇ ಎಂದು ವೈದ್ಯರೊಡನೆ ವಿಚಾರಿಸಬೇಕು. ಹಿರಿಯರು ತಾವಾಗಿ ಬಾಯಿಬಿಡದಿದ್ದರೆ ಮಕ್ಕಳೇ ಗೌರವದಿಂದ ಕೇಳಲಿ, ಜೊತೆಯಲ್ಲಿ ಆಸ್ಪತ್ರೆಗೆ ಹೋಗಲಿ. ಇದೂ ಮಾತಾಪಿತೃಗಳ ಸೇವೆಯೇ.