ಬಳ್ಳಾರಿಯ ಬೇಸಿಗೆಯ ಸೊಗಸು

ಬಳ್ಳಾರಿಯಲ್ಲಿ ಇರುವುದು ಎರಡೇ ಋತು, ಒಂದು ಬೇಸಿಗೆ, ಇನ್ನೊಂದು ಬಿರುಬೇಸಿಗೆ ಎಂದು ಹೊರಗಿನವರು ಹಾಸ್ಯ ಮಾಡುವುದುಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಆ ಮಾತನ್ನು ಅಲ್ಲಗಳೆಯುವಂತಿಲ್ಲ. ಬೇಸಿಗೆ ಎಂಬ ಪದವೇ ‘ಬೇ’ ಎಂಬ ಧಾತುವಿನಿಂದ ಹುಟ್ಟಿದುದು; ಬೇಯಿಸುವ ಕಾಲವೆಂದೇ ಅದರ ಅರ್ಥ. ಆದರೂ ಕಾಳಿದಾಸನು ಆರು ಋತುಗಳನ್ನು ವರ್ಣಿಸಲು ಹೊರಟು ‘ಋತುಸಂಹಾರ’ವನ್ನು ತೊಡಗಿದ್ದು ವಸಂತದಿಂದಲ್ಲ, ಗ್ರೀಷ್ಮದಿಂದ. ಬೇಯಿಸುವ ಕಾಲಕ್ಕೂ ಸೊಗಸುಂಟು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಮ್ಮ ಬೇಸಿಗೆಯ ಸೊಗಸಿಗೆಲ್ಲ ಮೂಲ ಇಲ್ಲಿಯ ಒಣಗಾಳಿ. ಮುಂಬಯಿಯಂತಹ ದ್ವೀಪನಗರದಲ್ಲಿ ಬಿಸಿಲು ನಮಗಿಂತ ಕಡಿಮೆ. ಆದರೆ ಗಾಳಿಯ ತುಂಬ ಕಡಲಿನ ತೇವ. ಬೆವರು ಆರದೆ ಮೈಮೇಲೆಯೇ ನಿಲ್ಲುತ್ತದೆ, ನೆರಳಿಗೆ ಸರಿದರೂ ಸೆಕೆ ಬಿಡದು. ನಮ್ಮಲ್ಲಿಯಾದರೋ ಬೆವರು ಬಂದಂತೆ ಆರುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದನ್ನು ಬೆವರು ನಮ್ಮ ಮೈಯಿಂದಲೇ ಸೆಳೆದುಕೊಂಡು ತಂಪು ನೀಡುತ್ತದೆ. ಮಣ್ಣಿನ ಗಡಿಗೆಯ ಗುಟ್ಟೂ ಇದೇ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ನೀರನ್ನು ತಣಿಸುತ್ತದೆ. ಬೇವಿನ ಮರ ತನ್ನ ಎಲೆಗಳಿಂದ ಮಾಡುವುದೂ ಅದನ್ನೇ. ಆದ್ದರಿಂದ ನೆರಳು, ಗಾಳಿ, ನೀರು ಈ ಮೂರರ ಬೆಲೆ ತಿಳಿಯಬೇಕಾದರೆ ನೀವು ನಮ್ಮ ಊರಿಗೇ ಬರಬೇಕು.

ಬಂದವರು ಇಲ್ಲಿಯ ದಿನಚರಿಗೆ ಹೊಂದಿಕೊಳ್ಳಬೇಕು. ಬೇಸಿಗೆಯಲ್ಲಿ ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಏರ್ಪಾಟು ಈ ಭಾಗದಲ್ಲಿ ನಡೆದುಬಂದಿದೆ. ಬಳ್ಳಾರಿಯ ಗುಡ್ಡವೋ ಒಂದೇ ಬಂಡೆಯೆಂಬಷ್ಟು ಬೃಹತ್ತಾದುದು. ಹಗಲೆಲ್ಲ ಕುಡಿದ ಬಿಸಿಲನ್ನು ಇರುಳಿನಲ್ಲಿ ನಿಧಾನವಾಗಿ ಹೊರಗೆ ಬಿಡುತ್ತದೆ. ಮನೆಯ ಗೋಡೆಗಳ ಪಾಡೂ ಅದೇ. ಅದಕ್ಕೇ ಜನ ಹಾಸಿಗೆ ಹೊತ್ತು ಮಾಳಿಗೆಯೇರುತ್ತಿದ್ದುದು. ಅದೇ ಮಾಳಿಗೆಯ ಮೇಲೆ ಹಗಲು ಹಪ್ಪಳ, ಸಂಡಿಗೆ, ಶಾವಿಗೆ ಒಣಗುತ್ತವೆ. ನಮ್ಮನ್ನು ಕಾಡುವ ಬಿಸಿಲೇ ವರ್ಷದ ಊಟಕ್ಕೆ ರುಚಿ ಕೂಡಿಟ್ಟುಕೊಡುತ್ತದೆ!

ಕುರುಗೋಡಿನಲ್ಲಿಯೂ ಬೋಳು ಕಲ್ಲುಗುಡ್ಡಗಳು. ಆದರೆ ದೊಡ್ಡಬಸವಣ್ಣನ ಗುಡಿಯೊಳಗೆ ಏಕಶಿಲೆಯ ಆ ಭಾರಿ ನಂದಿಯ ಮುಂದೆ ನಿಂತಾಗ ಕಲ್ಲು ಬಿಸಿಲನ್ನು ತಡೆಯಲೂ ಬಲ್ಲುದೆಂಬುದು ತಿಳಿಯುತ್ತದೆ. ಸಿರುಗುಪ್ಪದ ಕಡೆ ಹೊರಟರೆ ನೋಟವೇ ಬೇರೆ. ತುಂಗಭದ್ರೆಯ ದಡ, ವಿಜಯನಗರದ ಅರಸರ ಕಾಲದ ಕಾಲುವೆಗಳು, ಭತ್ತದ ಗದ್ದೆಗಳು. ನೀರಿದ್ದ ವರ್ಷ ಅಲ್ಲಿಯ ಸಂಜೆಯ ಗಾಳಿಯೇ ಒಂದು ಪಾನಕ.

ಇನ್ನು ಬೇಸಿಗೆಯ ಕೊಡುಗೆಗಳೆಷ್ಟು! ಯುಗಾದಿಯ ಬೇವು-ಬೆಲ್ಲ, ರಾಮನವಮಿಯ ಪಾನಕ-ಕೋಸಂಬರಿ, ಜೋಳದ ಅಂಬಲಿ, ನೀರುಮಜ್ಜಿಗೆ, ಮಾವಿನ ಹಣ್ಣಿನ ಸೀಕರಣೆ. ಸಂಜೆಯಾದರೆ ಹಡಗಲಿಯ ಮಲ್ಲಿಗೆ. 2021ರಲ್ಲಿ ಹೂವಿನಹಡಗಲಿ ವಿಜಯನಗರ ಜಿಲ್ಲೆಗೆ ಸೇರಿತು. ಅದರ ಮಲ್ಲಿಗೆಯ ಕಂಪು ಮಾತ್ರ ಗಡಿ ಕೇಳದು.

ಆದರೆ ವಾಚಕರೇ, ಈ ಸುಖ ನೆರಳುಳ್ಳವರದು. ಗಾರೆ ಕಲಸುವವರಿಗೆ, ಮೂಟೆ ಹೊರುವವರಿಗೆ ನಡುಹಗಲೂ ದುಡಿಮೆಯೇ. ಬಿಸಿಲಿನಲ್ಲಿದ್ದವರ ಮೈ ಸುಡುತ್ತ, ಮಾತು ತಡವರಿಸಿದರೆ ಅದು ಬರಿಯ ಆಯಾಸವಲ್ಲ, ಪ್ರಾಣಾಪಾಯ. ಕೂಡಲೇ ನೆರಳಿಗೆ ಕರೆತಂದು, ಮೈಗೆ ನೀರು ಹಾಕಿ, ಗಾಳಿ ಬೀಸುತ್ತ ಆಸ್ಪತ್ರೆಗೆ ಸೇರಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ನಮ್ಮ ಹಿರಿಯರು ದಾರಿಯಲ್ಲಿ ಸಾಲುಮರ ನೆಟ್ಟರು, ಅರವಟ್ಟಿಗೆ ಇಟ್ಟರು; ಬೇಸಿಗೆಯ ಸೊಗಸು ಹಂಚಿಕೊಂಡಾಗಲೇ ಪೂರ್ಣವೆಂದು ಅವರು ಅರಿತಿದ್ದರು. ಈ ಬೇಸಿಗೆಯಲ್ಲಿ ನಿಮ್ಮ ಮನೆಯ ಬಾಗಿಲಲ್ಲಿಯೂ, ದಾರಿಹೋಕರಿಗೆಂದು, ಒಂದು ಗಡಿಗೆ ನೀರಿರಲಿ.