ಒಡಲೊಳಗಣ ಒಲೆ

ಕನ್ನಡದಲ್ಲಿ ‘ಉಸಿರು’ ಎಂದರೆ ಶ್ವಾಸವೂ ಹೌದು, ಪ್ರಾಣವೂ ಹೌದು. ಆದರೆ ಉಸಿರಾಡುವುದೇಕೆಂದು ಕೇಳಿದರೆ ‘ಬದುಕುವುದಕ್ಕೆ’ ಎಂದು ಹೇಳಿ ಸುಮ್ಮನಾಗುತ್ತೇವೆ. ಗಾಳಿಗೂ ಬದುಕಿಗೂ ಇರುವ ನಂಟಾದರೂ ಎಂತಹುದು?

1780ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ ಎಂಬ ವಿಜ್ಞಾನಿಯು ಲಪ್ಲಾಸನೊಡಗೂಡಿ, ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿ ಗಿನಿಯಿಲಿಯೊಂದನ್ನು ಇರಿಸಿದನು. ಅದರ ಮೈಶಾಖಕ್ಕೆ ಕರಗಿದ ಮಂಜೆಷ್ಟು, ಅದು ಹೊರಬಿಟ್ಟ ಇಂಗಾಲಾಮ್ಲವೆಷ್ಟು ಎಂಬುದನ್ನು ಲೆಕ್ಕಹಾಕಿದನು. ಇದ್ದಲು ಉರಿದು ಅಷ್ಟೇ ಇಂಗಾಲಾಮ್ಲವನ್ನು ಬಿಟ್ಟಾಗ ಕರಗುವ ಮಂಜೂ ಹೆಚ್ಚುಕಡಮೆ ಅಷ್ಟೇ ಎಂದು ಕಂಡುಬಂದಿತು. ಉಸಿರಾಟವೆಂಬುದು ಜ್ವಾಲೆಯಿಲ್ಲದ ನಿಧಾನದಹನವೆಂದು ಅವರು 1783ರಲ್ಲಿ ಸಾರಿದರು.

ಆ ಒಲೆ ಶ್ವಾಸಕೋಶದಲ್ಲಿದೆಯೆಂದು ಲವಾಸಿಯೆ ಎಣಿಸಿದ್ದನು. ನಿಜವಾಗಿ ಅದಿರುವುದು ಒಡಲಿನ ಜೀವಕೋಶಗಳಲ್ಲಿ. ಅಲ್ಲಿನ ಮೈಟೊಕಾಂಡ್ರಿಯಗಳೆಂಬ ಸೂಕ್ಷ್ಮ ಅಂಗಗಳಲ್ಲಿ ಆಹಾರದ ಸಾರವು ಆಮ್ಲಜನಕದ ನೆರವಿನಿಂದ ಹಂತಹಂತವಾಗಿ ದಹಿಸುತ್ತದೆ. ಹೊಮ್ಮಿದ ಶಕ್ತಿಯ ಒಂದು ಪಾಲು ಎ.ಟಿ.ಪಿ. ಎಂಬ ರಾಸಾಯನಿಕದಲ್ಲಿ ಅಡಕವಾಗಿ ಸ್ನಾಯುಗಳಿಗೂ ಮಿದುಳಿಗೂ ಒದಗುತ್ತದೆ. ಉಳಿದುದು ಮೈಯ ಬಿಸಿಯಾಗುತ್ತದೆ. ಶ್ವಾಸಕೋಶವು ಬಾಗಿಲು ಮಾತ್ರ. ಅಲ್ಲಿಂದ ಒಲೆಗೆ ಆಮ್ಲಜನಕವನ್ನು ಹೊರುವ ಆಳು ರಕ್ತ.

ಬಾಗಿಲುಗಳೋ ನಾನಾ ಬಗೆ. ಮೀನು ಕಿವಿರುಗಳಿಂದ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಪಡೆಯುತ್ತದೆ. ಕಪ್ಪೆ ತೊಗಲಿನಿಂದಲೂ ಉಸಿರಾಡುತ್ತದೆ. ಜೀರುಂಡೆಯ ಮೈಯ ಇಕ್ಕೆಲದ ರಂಧ್ರಗಳಿಂದ ಹೊರಟ ನಳಿಕೆಗಳು ಗಾಳಿಯನ್ನು ನೇರವಾಗಿ ಜೀವಕೋಶಗಳ ಬಳಿಗೆ ಒಯ್ಯುತ್ತವೆ. ಅದಕ್ಕೆ ರಕ್ತದ ಹಂಗಿಲ್ಲ.

ಈ ವ್ಯವಸ್ಥೆಯ ಕಠಿಣ ಪರೀಕ್ಷೆಯನ್ನು ಕಾಣಬೇಕಾದರೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತನ್ನು ನೋಡಬೇಕು. ಮಧ್ಯ ಏಷ್ಯದಲ್ಲಿ ಮರಿಮಾಡುವ ಈ ಜಾತಿಯ ಹಕ್ಕಿ ಹಿಮಾಲಯವನ್ನು ದಾಟಬಲ್ಲುದು. 7,000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಾರಿದುದು ದಾಖಲಾಗಿದೆ. ಅಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಕಡಲತಡಿಯಲ್ಲಿ ದೊರೆಯುವುದರ ಅರ್ಧವೂ ಅಲ್ಲ. ಬಡಿಯುವ ರೆಕ್ಕೆಗಾದರೋ ಬೇಕಾದುದು ಬಹಳ. ಹಕ್ಕಿಗಳೆಲ್ಲಕ್ಕೂ ಇರುವ ಗಾಳಿಚೀಲಗಳು ಉಸಿರನ್ನು ಎಳೆವಾಗಲೂ ಬಿಡುವಾಗಲೂ ಶ್ವಾಸಕೋಶದೊಳಗೆ ಹೊಸಗಾಳಿಯನ್ನು ಒಂದೇ ದಿಕ್ಕಿಗೆ ಹರಿಸುತ್ತವೆ. ಅದರ ಮೇಲೆ, ಈ ಹೆಬ್ಬಾತಿನ ಹೆಮೊಗ್ಲೋಬಿನ್ನು ತಗ್ಗುನಾಡಿನ ಬಂಧುಗಳದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ. ತೆಳುಗಾಳಿಯಲ್ಲೂ ಒಲೆ ನಂದದು.

ಪಯಣದ ಸೌದೆಯನ್ನು ಹಕ್ಕಿ ಕೊಬ್ಬಿನ ರೂಪದಲ್ಲಿ ಮೊದಲೇ ಕೂಡಿಟ್ಟುಕೊಂಡಿರುತ್ತದೆ. ಗಾಳಿಯನ್ನು ಹಾಗೆ ಕೂಡಿಡುವಂತಿಲ್ಲ. ನಮ್ಮ ಸ್ಥಿತಿಯೂ ಅದೇ. ಅನ್ನವಿಲ್ಲದೆ ವಾರಗಳನ್ನು ಕಳೆದವರುಂಟು. ಗಾಳಿಯಿಲ್ಲದೆ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ನಮ್ಮ ಹಿರಿಯರು ಪ್ರಾಣಕ್ಕೆ ಅನ್ನದ ಹೆಸರನ್ನಿಡದೆ ಉಸಿರಿನ ಹೆಸರನ್ನಿಟ್ಟುದು ಉಚಿತವೇ ಆಗಿದೆ.