ಮುಖವಾಡ ತೊಟ್ಟ ಕಾವಲುಗಾರ

ಮುಖವಾಡ ಎಂದೊಡನೆ ನಮಗೆ ನೆನಪಾಗುವುದು ಕಪಟ. ಒಳಗೊಂದು ಹೊರಗೊಂದು ಇರುವವನನ್ನು ಮುಖವಾಡ ಹಾಕಿದವನು ಎನ್ನುತ್ತೇವೆ. ಆದರೆ ಮುಖವಾಡ ಹಾಕುವುದಕ್ಕೇ ಧೈರ್ಯ ಬೇಕಾಗಿದ್ದ ಒಬ್ಬ ಆಟಗಾರನ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇವೆ.

ಜಾಕ್ ಪ್ಲಾಂಟ್ ಹುಟ್ಟಿದ್ದು 1929ರಲ್ಲಿ, ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದಲ್ಲಿ. ಫ್ರೆಂಚ್ ಮಾತನಾಡುವ ಕಥೋಲಿಕರ ನಾಡು ಅದು. ಹನ್ನೊಂದು ಮಕ್ಕಳಲ್ಲಿ ಇವರೇ ಹಿರಿಯರು. ಬಡತನದ ಮನೆ, ಸಾಲದ್ದಕ್ಕೆ ಉಬ್ಬಸ. ಹೆಚ್ಚು ಹೊತ್ತು ಓಡಾಡಲಾಗದ ಹುಡುಗನಿಗೆ ಐಸ್ ಹಾಕಿಯಲ್ಲಿ ಉಳಿದದ್ದು ಗೋಲ್‌ಕೀಪರ್ ಸ್ಥಾನ. ತಾಯಿ ಕಲಿಸಿದ ಉಣ್ಣೆ ಹೆಣಿಗೆಯನ್ನು ಅವರು ಪ್ರಸಿದ್ಧರಾದ ಮೇಲೂ ಬಿಡಲಿಲ್ಲ; ತಮ್ಮ ಟೊಪ್ಪಿಗೆಗಳನ್ನು ತಾವೇ ಹೆಣೆದುಕೊಳ್ಳುತ್ತಿದ್ದರು.

ಈ ಆಟದಲ್ಲಿ ಚೆಂಡಿಲ್ಲ. ಗಟ್ಟಿ ರಬ್ಬರಿನ ಬಿಲ್ಲೆಯೊಂದು ಹಿಮದ ಮೇಲೆ ಗಂಟೆಗೆ ನೂರೈವತ್ತು ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಬರುತ್ತದೆ. ಅದಕ್ಕೆ ಎದುರಾಗಿ ಗೋಲ್‌ಕೀಪರುಗಳು ಬರಿಮುಖದಲ್ಲಿ ನಿಲ್ಲುತ್ತಿದ್ದರು. ಮೂಗು ಮುರಿಯುವುದು, ಹಲ್ಲು ಉದುರುವುದು ಗಂಡಸುತನದ ಲಕ್ಷಣ ಎಂದೇ ಎಲ್ಲರ ಎಣಿಕೆ. ಪ್ಲಾಂಟ್ ಅಭ್ಯಾಸದ ವೇಳೆ ಮುಖವಾಡ ಧರಿಸುತ್ತಿದ್ದರು. ಪಂದ್ಯದಲ್ಲಿ ಮಾತ್ರ ಮಾಂಟ್ರಿಯಲ್ ತಂಡದ ತರಬೇತುದಾರ ಟೋ ಬ್ಲೇಕ್ ಒಪ್ಪುತ್ತಿರಲಿಲ್ಲ.

1959ರ ನವೆಂಬರ್ 1, ಸಕಲ ಸಂತರ ಹಬ್ಬದ ದಿನ. ನ್ಯೂಯಾರ್ಕಿನ ಪಂದ್ಯದಲ್ಲಿ ಆಂಡಿ ಬಾತ್‌ಗೇಟ್ ಹೊಡೆದ ಬಿಲ್ಲೆ ಪ್ಲಾಂಟ್ ಅವರ ಮುಖವನ್ನೇ ಸೀಳಿತು. ಒಳಗೆ ಕರೆದೊಯ್ದು ಹೊಲಿಗೆ ಹಾಕಿದರು. ಮುಖವಾಡವಿಲ್ಲದೆ ಮರಳಿ ಹೋಗಲಾರೆ ಎಂದರು ಪ್ಲಾಂಟ್. ಆಗ ತಂಡಗಳು ಬದಲಿ ಗೋಲ್‌ಕೀಪರನ್ನು ಜೊತೆಗೆ ಒಯ್ಯುತ್ತಿರಲಿಲ್ಲ. ಬ್ಲೇಕ್ ಏನು ಮಾಡಿಯಾರು? ಗಾಯ ಮಾಯುವವರೆಗೆ ಮಾತ್ರ ಎಂದು ಒಪ್ಪಿದರು. ಮಾಂಟ್ರಿಯಲ್ 3-1ರಿಂದ ಗೆದ್ದಿತು. ಅನಂತರವೂ ಸೋಲಿಲ್ಲದೆ ಸಾಗಿತು. ಮುಂದಿನ ಮಾರ್ಚಿನಲ್ಲಿ ಬ್ಲೇಕ್ ಮಾತಿಗೆ ಮಣಿದು ಒಮ್ಮೆ ಅದನ್ನು ತೆಗೆದಿಟ್ಟು ಆಡಿದರು. ತಂಡ ಸೋತಿತು. ಮತ್ತೆ ಆ ಮಾತೇ ಬರಲಿಲ್ಲ. ಅದೇ ವರ್ಷ ಮಾಂಟ್ರಿಯಲ್ ಸತತ ಐದನೆಯ ಸಲ ಸ್ಟ್ಯಾನ್ಲಿ ಕಪ್ ಗೆದ್ದಿತು.

ಹೆದರಿಕೆಗೆ ಹಾಕಿಕೊಂಡದ್ದಲ್ಲವೇ ಎಂದು ಕೆಣಕಿದವರಿಗೆ, ಪ್ಯಾರಾಚೂಟ್ ಇಲ್ಲದೆ ವಿಮಾನದಿಂದ ಹಾರುವವನು ಶೂರನೇ ಎಂದು ಪ್ಲಾಂಟ್ ಕೇಳುತ್ತಿದ್ದರಂತೆ. ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ತೂಗಿಬಿಟ್ಟು ಓಡಿಸುವ ನಮ್ಮ ಯುವಕರಿಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳಬೇಕು.

ತರಬೇತುದಾರರಾಗಿ ಪ್ಲಾಂಟ್ ಎಲ್ಲೆಡೆಯೂ ಗೆದ್ದವರಲ್ಲ. 1973-74ರಲ್ಲಿ ಕ್ವಿಬೆಕ್ ನಾರ್ಡಿಕ್ಸ್ ತಂಡದ ಹೊಣೆ ಹೊತ್ತರು. ತಂಡ ಅಂತಿಮ ಸುತ್ತುಗಳನ್ನು ಮುಟ್ಟಲಿಲ್ಲ. ಆದರೆ ಎದುರಿಗೆ ಒಬ್ಬನೇ ಗೋಲ್‌ಕೀಪರನನ್ನು ಕೂರಿಸಿಕೊಂಡು ಕಲಿಸುವುದರಲ್ಲಿ ಅವರದು ಎತ್ತಿದ ಕೈ. ಟೊರಾಂಟೊದಲ್ಲಿ 1971ರಲ್ಲಿ ಬರ್ನಿ ಪೇರೆಂಟ್ ಎಂಬ ಯುವಕ ಅವರ ಜೊತೆಗಾರನಾಗಿ ಬಂದ. ಅದೇ ಸ್ಥಾನಕ್ಕೆ ಸ್ಪರ್ಧಿ! ನಲವತ್ತು ದಾಟಿದ ಪ್ಲಾಂಟ್ ಅವನಿಂದ ಏನನ್ನೂ ಮುಚ್ಚಿಡಲಿಲ್ಲ. ಬಲೆಯಿಂದ ಎರಡು ಹೆಜ್ಜೆ ಮುಂದೆ ಬಂದರೆ ಹೊಡೆಯುವವನ ಕಣ್ಣಿಗೆ ಗೋಲು ಕಿರಿದಾಗುತ್ತದೆ. ಎಲ್ಲಿ ನಿಲ್ಲಬೇಕೆಂಬುದು ಕೈಚಳಕಕ್ಕಿಂತ ಮೊದಲಿನ ಪಾಠ ಎಂದು ತಿದ್ದಿದರು. ಪೇರೆಂಟ್ 1974 ಮತ್ತು 1975ರಲ್ಲಿ ಫಿಲಡೆಲ್ಫಿಯಾಕ್ಕೆ ಸ್ಟ್ಯಾನ್ಲಿ ಕಪ್ ತಂದುಕೊಟ್ಟರು.

ಆ 1975ರಲ್ಲೇ ಪ್ಲಾಂಟ್ ಅವರ ಕಿರಿಯ ಮಗ ತೀರಿಕೊಂಡ. ತರಬೇತಿ ಶಿಬಿರದಲ್ಲಿದ್ದಾಗ ಆ ಸುದ್ದಿ ಮುಟ್ಟಿತು. ಅಂದಿಗೆ ಆಟಗಾರನ ಬದುಕು ಮುಗಿಯಿತು. ಆಮೇಲೂ ಗೋಲ್‌ಕೀಪರುಗಳಿಗೆ ಕಲಿಸುವುದನ್ನು ಮಾತ್ರ ಅವರು ಬಿಡಲಿಲ್ಲ.

ಮುಖವಾಡ ಎಲ್ಲವನ್ನೂ ತಡೆಯಿತು ಎಂದೇನಲ್ಲ. 1979ರಲ್ಲಿ ಕೋಲೊಂದು ಮುಖವಾಡದ ಕಣ್ಣುಗಂಡಿಯೊಳಗೆ ತೂರಿ ಪೇರೆಂಟ್ ಅವರ ಕಣ್ಣಿಗೆ ಶಾಶ್ವತ ಹಾನಿಯಾಯಿತು. ಅವರೂ ಆಟ ನಿಲ್ಲಿಸಿದರು. ಅವರೂ ಗುರುವಿನಂತೆ ಗೋಲ್‌ಕೀಪರುಗಳ ತರಬೇತಿಗೆ ನಿಂತರು.

ಪ್ಲಾಂಟ್ ತಮ್ಮ ಕೊನೆಯ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದರು. 1986ರ ಫೆಬ್ರವರಿ 27ರಂದು, ತಮ್ಮ 57ನೆಯ ವಯಸ್ಸಿನಲ್ಲಿ, ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಕ್ವಿಬೆಕ್‌ನ ಹುಡುಗರ ಹಾಕಿ ತಂಡವೊಂದು ಪಂದ್ಯಾವಳಿಗೆಂದು ಆಗ ಅಲ್ಲಿಗೆ ಬಂದಿತ್ತು. ಅಂತ್ಯಕ್ರಿಯೆಯ ಬಲಿಪೂಜೆ ಮುಗಿದು ಶವಪೆಟ್ಟಿಗೆ ದೇವಾಲಯದಿಂದ ಹೊರಬಂದಾಗ, ಆ ಮಕ್ಕಳು ತಮ್ಮ ಹಾಕಿ ಕೋಲುಗಳನ್ನು ಮೇಲೆತ್ತಿ ಕಮಾನು ಕಟ್ಟಿ ನಿಂತಿದ್ದರು. ಪೆಟ್ಟಿಗೆ ಅದರಡಿಯಲ್ಲಿ ಸಾಗಿತು.